ಒಂದು ಹನಿ ಸೋರದ ಗಾಡಿ

ನಮ್ಮ ಮನೆಗೆ ಯಾರೇ ಬೈಕಿನಲ್ಲಿ ಬರಲಿ, ನಮ್ಮವರು ಮೊದಲು ನೋಡುವುದು ಬಂದವರ ಮುಖವನ್ನಲ್ಲ, ಬೈಕಿನ ಹೊಟ್ಟೆಯನ್ನು. "ಬನ್ನಿ, ಬನ್ನಿ" ಎನ್ನುತ್ತಲೇ ಬಗ್ಗಿ ಇಂಜಿನ್ನಿನ ಕೆಳಗೆ ಇಣುಕುತ್ತಾರೆ. ಅಲ್ಲೊಂದು ಎಣ್ಣೆಯ ಕಲೆ ಕಂಡಿತೋ, ಮುಗಿಯಿತು ಕಥೆ. ನೆಂಟರಿಗೆ ನೀರು ಕೊಡುವ ಮೊದಲೇ ಬೈಕಿಗೆ ಹೊಸ ವಾಷರ್ ಬೀಳುತ್ತದೆ. ನನ್ನ ತಮ್ಮನಂತೂ ಈಗೀಗ ಬೈಕನ್ನು ಬೀದಿಯ ತಿರುವಿನಲ್ಲೇ ನಿಲ್ಲಿಸಿ, ಏನೂ ಗೊತ್ತಿಲ್ಲದವನ ಹಾಗೆ ನಡೆದುಕೊಂಡು ಬರುತ್ತಾನೆ.

ನಮ್ಮವರು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಅಗೆಯುವ ಮಷೀನು ಓಡಿಸುತ್ತಾರೆ. ಕಾರ್ಖಾನೆಯ ಹಿಂದೆ ದೊಡ್ಡ ಹೊಂಡವಿದೆ. ಬೂದುಬಣ್ಣದ ಜೇಡಿಮಣ್ಣು ಅಲ್ಲಿ ಪದರ ಪದರವಾಗಿ ನಿಂತಿದೆ. ಅದನ್ನು ಮಷೀನಿನ ತೋಳಿನ ತುದಿಯ ಬಕೆಟ್ಟಿನಲ್ಲಿ ಕೆರೆದು ಲಾರಿಗೆ ತುಂಬಿದರೆ ಅರೆಯುವ ಶೆಡ್ಡಿಗೆ ಹೋಗುತ್ತದೆ, ಅಲ್ಲಿಂದ ಅಚ್ಚಿಗೆ, ಅಚ್ಚಿನಿಂದ ಭಟ್ಟಿಗೆ. ಇವರು ಈ ಹೊಂಡಕ್ಕೆ ಮೊದಲು ಬಂದದ್ದು ಬುಟ್ಟಿ ಹೊರುವ ಕೆಲಸಕ್ಕೆ. ಆಮೇಲೆ ಮಷೀನು ತೊಳೆಯುವ ಕೆಲಸ, ಆಮೇಲೆ ಗ್ರೀಸ್ ಹಚ್ಚುವ ಕೆಲಸ. ಹಳೆಯ ಡ್ರೈವರ್ ಒಬ್ಬರು ಊಟದ ಹೊತ್ತಿನಲ್ಲಿ ಇವರನ್ನು ಸೀಟಿನ ಮೇಲೆ ಕೂರಿಸಿ ಲಿವರ್ ಹಿಡಿಯುವುದನ್ನು ಕಲಿಸಿದರಂತೆ. ಅವರು ಹೇಳಿಕೊಟ್ಟ ಒಂದು ಪಾಠವನ್ನು ಇವರು ಇವತ್ತಿಗೂ ಬಿಟ್ಟಿಲ್ಲ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಅದರ ಅಡಿಗೆ ರಟ್ಟು ಹಾಸಬೇಕು, ಬೆಳಿಗ್ಗೆ ಹತ್ತುವ ಮೊದಲು ಆ ರಟ್ಟನ್ನು ಎಳೆದು ನೋಡಬೇಕು.

ರಟ್ಟಿನ ಮೇಲೆ ಹನಿ ಬಿದ್ದಿದ್ದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕಿ, ಸರಿಮಾಡಿ, ಆಮೇಲೇ ಕೀ ತಿರುಗಿಸುವುದು. "ಮಗು ಹಾಸಿಗೆ ಒದ್ದೆ ಮಾಡ್ತಾ ಅಂತ ನೋಡ್ತೀಯೇನಯ್ಯಾ" ಎಂದು ಬೇರೆ ಡ್ರೈವರುಗಳು ರೇಗಿಸುತ್ತಿದ್ದರು. ಇವರಿಗೆ ಬೇಸರವೇ ಇಲ್ಲ. ರಟ್ಟನ್ನು ಎತ್ತಿ ಹಿಡಿದು, "ನೋಡ್ಕೊಳ್ಳಿ, ಒಂದು ಹನಿ ಇಲ್ಲ" ಎಂದು ಎಲ್ಲರಿಗೂ ತೋರಿಸುತ್ತಿದ್ದರು. ನಮ್ಮವರಿಗೆ ವಿನಯ ಅಷ್ಟಕ್ಕಷ್ಟೇ, ಅದನ್ನು ಮುಚ್ಚಿಟ್ಟು ನನಗೇನಾಗಬೇಕು? ನನಗೂ ಇಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನನ್ನದೇ ಹೊಲಿಗೆ ಅಂಗಡಿ ಇದೆ. ನಾನು ಹೊಲಿದ ಕಾಲರು ಒಂದು ಎಳೆಯಷ್ಟು ಆಚೀಚೆ ಆಗಿದ್ದರೆ ಬಂದು ನನ್ನನ್ನು ಕೇಳಿ. ಇಬ್ಬರು ಜಂಬದವರು ಒಂದೇ ಸೂರಿನಡಿ ಹೇಗೆ ಬಾಳುತ್ತೀರೋ ಎಂದು ಅತ್ತೆ ಆಗಾಗ ಆಶ್ಚರ್ಯಪಡುತ್ತಾರೆ. ಬಾಳುತ್ತಿದ್ದೇವೆ, ಚೆನ್ನಾಗಿಯೇ.

ಈ ಕಥೆ ಶುರುವಾದ ದಿನ ಬೆಳಿಗ್ಗೆಯೂ ರಟ್ಟು ಒಣಗಿಯೇ ಇತ್ತು. ಹೊಂಡದ ಆಚೆ ಗೋಡೆಯಲ್ಲಿ ಹೊಸದಾಗಿ ಅಗೆಯುತ್ತಿದ್ದಾಗ ಬಕೆಟ್ಟಿನ ಹಲ್ಲು ಗಟ್ಟಿಯಾದ ಏನಕ್ಕೋ ತಾಗಿ ಕಿರ್ರೆಂದಿತಂತೆ. ಜೇಡಿಯ ನಡುವೆ ಅಂಥ ಕಲ್ಲಿನ ಉಂಡೆಗಳು ಅಪರೂಪಕ್ಕೆ ಸಿಗುತ್ತವೆ. ಡ್ರೈವರುಗಳು ಅವನ್ನು 'ಹಲ್ಲುಮುರುಕ' ಎಂದು ಬೈದು ಪಕ್ಕಕ್ಕೆ ಎಸೆಯುತ್ತಾರೆ. ಇದು ಉಂಡೆಯಲ್ಲ, ದೊಡ್ಡ ಬಂಡೆಯೇ. ಇವರು ಇನ್ನೊಂದು ಸಲ ಎಳೆದಾಗ ಅದರ ಮೂಲೆ ಸೀಳಿತು. ಬೆನ್ನಿಗೇ ಮೂಗಿಗೆ ಡೀಸೆಲ್ ವಾಸನೆ ಬಡಿಯಿತು.

ಬೇರೆ ಯಾರಾದರೂ ಆಗಿದ್ದರೆ ಮೂಗು ಉಜ್ಜಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಇವರು ಇಂಜಿನ್ ನಿಲ್ಲಿಸಿ ಕೆಳಗಿಳಿದರು. ಟ್ಯಾಂಕು ನೋಡಿದರು, ಫಿಲ್ಟರ್ ನೋಡಿದರು, ಪೈಪುಗಳನ್ನು ಒಂದೊಂದಾಗಿ ಬಿಳಿ ಬಟ್ಟೆಯಿಂದ ಒರೆಸಿ ನೋಡಿದರು. ಎಲ್ಲೂ ಹನಿಯಿಲ್ಲ. ಮತ್ತೆ ಹತ್ತಿ ಬಕೆಟ್ ಆಡಿಸಿದರೆ ಮತ್ತೆ ಅದೇ ವಾಸನೆ. ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಅರ್ಧ ಗಾಡಿ ಬಿಚ್ಚಿ ಹರಡಿದ. ಮಧ್ಯಾಹ್ನ ಕಳೆಯಿತು. ಅರೆಯುವ ಶೆಡ್ಡಿನಲ್ಲಿ ಮಣ್ಣಿಲ್ಲ, ಅಚ್ಚಿನವರು ಕೈಕಟ್ಟಿ ಕೂತರು. ಕೊನೆಗೆ ಮೆಕ್ಯಾನಿಕ್ಕು ಸ್ಪ್ಯಾನರ್ ಕೆಳಗೆಸೆದು, "ಗಾಡಿ ಸರಿಯಾಗೇ ಇದೆ. ರಿಪೇರಿ ಬೇಕಾಗಿರೋದು ನಿನ್ನ ಮೂಗಿಗೆ" ಎಂದ.

ಎಲ್ಲರೂ ನಕ್ಕರು. ಅಷ್ಟರಲ್ಲೇ ಮುಗಿದಿದ್ದರೆ ಇವರೂ ನಕ್ಕು ಬಿಡುತ್ತಿದ್ದರೇನೋ. ಆದರೆ ಕೆಲಸ ನಿಂತಿದೆ ಎಂದು ಮ್ಯಾನೇಜರೇ ಹೊಂಡಕ್ಕೆ ಇಳಿದು ಬಂದರು. ಸೀಳಿದ ಕಲ್ಲಿನ ಹತ್ತಿರ ನಿಂತಾಗ ಅವರ ಮೂಗಿಗೂ ವಾಸನೆ ಬಂತು.

"ಗಾಡೀಲಿ ಲೀಕ್ ಇಲ್ಲ ಅಂತೀಯ. ಹಾಗಾದ್ರೆ ಡೀಸೆಲ್ ನೆಲಕ್ಕೆ ಹೇಗೆ ಬಂತು?" ಎಂದು ಕೇಳಿದರು. ಇವರು ಗೊತ್ತಿಲ್ಲ ಎಂದರು. "ಕ್ಯಾನಿಗೆ ಬಸಿಯೋವಾಗ ಚೆಲ್ಲಿದ್ದಾ?" ಎಂದರು ಮ್ಯಾನೇಜರು. ಸುತ್ತ ನಿಂತವರ ನಗು ನಿಂತಿತು. ಅವರು ಕೈ ಚಾಚಿದರು, ಇವರು ಅಂಗಿಯ ಜೇಬಿನಿಂದ ಕೀ ತೆಗೆದು ಕೊಟ್ಟರು. ಕಳ್ಳ ಎಂದು ಮ್ಯಾನೇಜರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು.

ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದರು. ಖಾಲಿ ಜೇಬಿನ ಮೇಲೆ ಕೈಯಿಟ್ಟುಕೊಂಡು, "ನಾಳೆಯಿಂದ ಭಟ್ಟಿ ಹತ್ರ ಹೆಂಚು ಜೋಡಿಸೋಕೆ ಹಾಕಿದ್ದಾರೆ ಕಣೇ" ಎಂದರು. ನಾನು ಕೇಳಿ ಕೇಳಿ ವಿಷಯ ಹೊರಡಿಸಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಗಿರಾಕಿಯ ಬಟ್ಟೆಯಲ್ಲಿ ಅಂಗೈಯಗಲ ಚೂರು ಉಳಿದರೂ "ಅವರಿಗೆ ವಾಪಸ್ ಕೊಡು, ನಿನ್ನದಲ್ಲ ಅದು" ಎನ್ನುವ ಮನುಷ್ಯನಿಗೆ ಈ ಮಾತೇ? ಒಂದು ಕ್ಷಣವೂ ನನಗೆ ಅನುಮಾನ ಬರಲಿಲ್ಲ, ಅದನ್ನು ಎದೆ ತಟ್ಟಿ ಹೇಳುತ್ತೇನೆ.

"ಹೋಗ್ಲಿ ಬಿಡೇ, ಕೀ ಇವತ್ತಲ್ಲ ನಾಳೆ ಕೊಡ್ತಾರೆ" ಎಂದರು ಇವರು.

"ಕೀ ಯಾರಿಗೆ ಬೇಕು ರೀ? ಹತ್ತು ಜನರ ಮುಂದೆ ಅಂದ ಮಾತನ್ನ ಹತ್ತು ಜನರ ಮುಂದೇನೇ ವಾಪಸ್ ತಗೋಬೇಕು. ಅಲ್ಲೀವರೆಗೂ ನನಗೆ ಸಮಾಧಾನ ಇಲ್ಲ" ಎಂದೆ. ಇವರಿಗೂ ಬೇಕಾಗಿದ್ದುದು ಅದೇ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಚೀಲದಿಂದ ಊಟದ ಡಬ್ಬಿ ತೆಗೆಯುವಾಗ ಅದರ ಜೊತೆ ಒಂದು ಕಲ್ಲು ಬಂತು. ಬಟ್ಟೆ ಕತ್ತರಿಸುವಾಗ ಕಾಗದ ಹಾರದಂತೆ ಮೇಲೆ ಇಡಲು ಒಂದು ಭಾರ ತಂದುಕೊಡಿ ಎಂದು ನಾನು ಎಷ್ಟೋ ದಿನದಿಂದ ಪೀಡಿಸುತ್ತಿದ್ದೆ. ಬಕೆಟ್ಟಿನ ಹಲ್ಲಿಗೆ ಸಿಕ್ಕಿಕೊಂಡಿದ್ದ ಚೂರನ್ನು ಅವತ್ತು ಬೆಳಿಗ್ಗೆ ನೆನಪಿಟ್ಟುಕೊಂಡು ಚೀಲಕ್ಕೆ ಹಾಕಿದ್ದರು. ಅಷ್ಟೆಲ್ಲ ಅವಮಾನದ ನಡುವೆಯೂ ಅದು ಮನೆ ಸೇರಿತ್ತು.

ಕಲ್ಲು ನನ್ನ ಮೇಜಿನ ಮೇಲೆ ಕೂತಿತು. ಅಡಿಯಲ್ಲಿ ಒಂದು ಉಬ್ಬು ಇದ್ದುದರಿಂದ ಅತ್ತಿತ್ತ ವಾಲಾಡುತ್ತಿತ್ತು. ಕೆಲವು ದಿನ ಸಹಿಸಿಕೊಂಡೆ. ಒಂದು ಭಾನುವಾರ ತಾಳ್ಮೆ ಕೆಟ್ಟು, ಸುತ್ತಿಗೆ ತೆಗೆದುಕೊಂಡು ಆ ಉಬ್ಬಿಗೆ ಬಲವಾಗಿ ಒಂದೇಟು ಹಾಕಿದೆ. ಚೂರು ಹಾರಿತು. ಕೋಣೆಯ ತುಂಬ ಡೀಸೆಲ್ ವಾಸನೆ.

"ರೀ, ಗ್ರೀಸು ಡೀಸೆಲ್ಲು ಮೆತ್ತಿದ ಬಟ್ಟೆ ಅಂಗಡೀಲಿ ತಂದು ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು!" ಎಂದು ಕೂಗಿದೆ. ಇವರು ಆಗಷ್ಟೇ ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಬಂದವರು ಹಾಗೇ ನಿಂತರು. ಮೂಗು ಅರಳಿತು. ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಕಲ್ಲಿಗೆ ಇನ್ನೊಂದು ಏಟು ಹಾಕಿದರು. ಮತ್ತೆ ವಾಸನೆ. ಒಡೆದ ಮುಖವನ್ನು ಮೂಗಿನ ಹತ್ತಿರ ಹಿಡಿದರು, ನನ್ನ ಮೂಗಿಗೆ ಹಿಡಿದರು, ಒಳಗೆ ಓಡಿ ಅತ್ತೆಯ ಮೂಗಿಗೂ ಹಿಡಿದರು. "ಥೂ, ಸೀಮೆಎಣ್ಣೆ" ಎಂದರು ಅತ್ತೆ.

"ಕಲ್ಲಲ್ಲಿದೆ ಕಣೇ! ಲೀಕು ಗಾಡೀಲಲ್ಲ, ಕಲ್ಲಲ್ಲಿದೆ!" ಎಂದು ಒದ್ದೆ ತಲೆಯಲ್ಲೇ ಕುಣಿದಾಡಿಬಿಟ್ಟರು.

ಸೋಮವಾರ ಆ ಕಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ಮ್ಯಾನೇಜರ ಕೋಣೆಗೆ ಹೋದರು. ನೆಲದ ಮೇಲೆ ಇಟ್ಟು ಒಡೆದು ತೋರಿಸಿದರು. ಮ್ಯಾನೇಜರು ಮೂಸಿ ನೋಡಿ, "ಡೀಸೆಲ್ಲಲ್ಲಿ ನೆನೆಹಾಕಿ ತಂದ್ರೆ ವಾಸನೆ ಬರದೆ ಇರುತ್ತಾ?" ಎಂದು ಕಡತದ ಕಡೆ ತಿರುಗಿದರಂತೆ. ಹೋಗುವಾಗ ಕುಣಿಯುತ್ತ ಹೋದವರು ಬರುವಾಗ ಭಟ್ಟಿಯ ಬೂದಿಯೆಲ್ಲ ಮುಖದಲ್ಲೇ ಹೊತ್ತು ತಂದರು. ಕಲ್ಲು ಮತ್ತೆ ನನ್ನ ಮೇಜಿಗೆ ಬಂತು. ಈಗ ವಾಲಾಡುತ್ತಿರಲಿಲ್ಲ, ಅದೊಂದೇ ಲಾಭ.

ನನ್ನ ಗಿರಾಕಿಗಳಲ್ಲಿ ಒಬ್ಬರು ಕಾಲೇಜಿನ ಮೇಡಂ. ಅವರದೊಂದು ದಪ್ಪ ಬಟ್ಟೆಯ ಕೋಟು ವರ್ಷಕ್ಕೆ ಎರಡು ಸಲವಾದರೂ ನನ್ನಲ್ಲಿಗೆ ಬರುತ್ತದೆ. ಪ್ರತಿಸಲವೂ ಜೇಬುಗಳ ತಳ ಹರಿದಿರುತ್ತದೆ. ಓದಿದ ಹೆಂಗಸು ಜೇಬಿನಲ್ಲಿ ಅಂಥದ್ದೇನು ತುಂಬುತ್ತಾರೋ ಎಂದು ನನಗೆ ಕುತೂಹಲ, ಕೇಳಲು ಸಂಕೋಚ. ಆ ವಾರ ಕೋಟು ತೆಗೆದುಕೊಂಡು ಹೋಗಲು ಬಂದವರು ಕೋಟನ್ನು ನೋಡಲೇ ಇಲ್ಲ. ಕಾಗದದ ಮೇಲಿನ ಕಲ್ಲನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಕೊರಳಲ್ಲಿ ತೂಗಾಡುತ್ತಿದ್ದ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡರು. ಜೇಬುಗಳ ರಹಸ್ಯ ನನಗೆ ಆಗ ತಿಳಿಯಿತು. ಅವರು ಕಲ್ಲುಗಳ ಪಾಠ ಹೇಳುವ ಮೇಡಂ.

"ಇದು ಎಲ್ಲಿ ಸಿಕ್ತು ನಿಮಗೆ?" ಎಂದರು.

"ಹೊಂಡದಲ್ಲಿ. ಅದನ್ನ ಒಡೆದು ಮೂಸಿ ನೋಡಿ ಮೇಡಂ, ನಮ್ಮ ಮನೆಯವರ ಮರ್ಯಾದೆ ಅದರೊಳಗಿದೆ" ಎಂದು ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಷ್ಟರಲ್ಲಿ ಇವರೂ ಕೆಲಸದಿಂದ ಬಂದರು. ಮೇಡಂ ಇಬ್ಬರನ್ನೂ ಮೇಜಿನ ಹತ್ತಿರ ನಿಲ್ಲಿಸಿಕೊಂಡು ತೋರಿಸಿದರು. ನಾನು ಬರೀ ಗೀರು ಎಂದುಕೊಂಡಿದ್ದು ಚಿಪ್ಪುಗಳ ಅಂಚು. ಅಂಗಿಯ ಗುಂಡಿಯಷ್ಟಗಲದ ಉಂಗುರಗಳು ಹುಳುಗಳು ವಾಸಿಸಿದ್ದ ಕೊಳವೆಗಳು.

"ಒಂದು ಕಾಲದಲ್ಲಿ ಇಲ್ಲೆಲ್ಲ ಸಮುದ್ರ. ಬಿಸಿಲು ಇಳಿಯದಷ್ಟು ಆಳ, ತಳದಲ್ಲಿ ಬರೀ ಕೆಸರು" ಎಂದರು ಮೇಡಂ. "ಆ ಕೆಸರಲ್ಲಿ ಒಂದು ಕಡೆ ನೆಲದೊಳಗಿಂದ ಗ್ಯಾಸು, ಎಣ್ಣೆ ಜಿನುಗ್ತಾ ಇತ್ತು. ಕಣ್ಣಿಗೆ ಕಾಣದ ಜೀವಾಣುಗಳಿಗೆ ಅದೇ ಊಟ. ಆ ಜೀವಾಣುಗಳನ್ನ ನಂಬ್ಕೊಂಡು ಈ ಚಿಪ್ಪಿನ ಜೀವಿಗಳು, ಈ ಹುಳುಗಳು. ಸುತ್ತ ಏನೂ ಇಲ್ಲ, ಜಿನುಗೋ ಕಡೆ ಮಾತ್ರ ಒಂದು ಊರು. ಆ ಜೀವಾಣುಗಳ ದೆಸೆಯಿಂದಾನೇ ಅಲ್ಲಿನ ಕೆಸರು ಗಟ್ಟಿಯಾಗಿ ಸುಣ್ಣದ ಕಲ್ಲಾಗಿದೆ. ಒಳಗೆ ಸಿಕ್ಕಿಕೊಂಡ ಎಣ್ಣೆ ಇನ್ನೂ ಹಾಗೇ ಇದೆ."

ಇವರು ಗದ್ದ ಕೆರೆದುಕೊಂಡರು. "ಅಂದ್ರೆ, ಲೀಕ್ ಇತ್ತು."

"ಇತ್ತು. ಕೋಟ್ಯಂತರ ವರ್ಷದ ಹಿಂದೆ."

ಇವರು ನನ್ನ ಕಡೆ ತಿರುಗಿದ ಠೀವಿ ನೋಡಬೇಕಿತ್ತು. "ನಾನು ಹೇಳಿರ್ಲಿಲ್ವೇನೇ? ಲೀಕ್ ಇದೆ ಅಂತ ಅವತ್ತೇ ಹೇಳಿರ್ಲಿಲ್ವಾ? ನನ್ನ ಮೂಗು ಅಂದ್ರೆ ಏನಂದ್ಕೊಂಡಿದ್ದಾರೆ ಅವರು!" ಮೇಡಂ ನಕ್ಕರು. ನಾನೂ ನಕ್ಕೆ, ಎಷ್ಟೋ ದಿನಗಳ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಇವರು ಮೆಲ್ಲನೆ ಕೇಳಿದರು, "ಆ ಲೀಕು ನಿಂತ್ಹೋದ ಮೇಲೆ ಮೇಡಂ?"

"ಊರು ಖಾಲಿ" ಎಂದರು ಮೇಡಂ. ಇವರು ಕಲ್ಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಜೀವಮಾನವೆಲ್ಲ ಸೋರುವುದನ್ನು ನಿಲ್ಲಿಸಿದ ಮನುಷ್ಯ. ಸೋರಿದ್ದರಿಂದಲೇ ಹೊಟ್ಟೆ ತುಂಬಿಸಿಕೊಂಡವರೂ ಇದ್ದರು ಎಂಬುದು ಅವರಿಗೆ ಹೊಸ ಸಂಗತಿ.

ಮರುದಿನವೇ ಮೇಡಂ ಕಾರ್ಖಾನೆಗೆ ಹೋದರು. ಮ್ಯಾನೇಜರು, ಮೆಕ್ಯಾನಿಕ್ಕು ಎಲ್ಲರನ್ನೂ ಹೊಂಡಕ್ಕೆ ಕರೆದುಕೊಂಡು ಹೋಗಿ, ಗೋಡೆಯಲ್ಲೇ ಹುದುಗಿದ್ದ ಬಂಡೆಗೆ ತಮ್ಮ ಸುತ್ತಿಗೆಯಿಂದ ಹೊಡೆದು ಮೂಸಲು ಹೇಳಿದರು. ನೆಲದೊಳಗಿನ ಬಂಡೆಯನ್ನು ಯಾರೂ ಡೀಸೆಲ್ಲಿನಲ್ಲಿ ನೆನೆಹಾಕಲು ಆಗುವುದಿಲ್ಲವಲ್ಲ. ಇಂಥದ್ದು ಈ ಸುತ್ತಮುತ್ತ ಎಲ್ಲೂ ಸಿಕ್ಕಿಲ್ಲ, ಬಂಡೆಯ ಸುತ್ತಲ ಜೇಡಿ ಬಿಡಿಸಿ ಅದು ಇದ್ದ ಹಾಗೇ ನಿಲ್ಲಿಸಿಕೊಡಬೇಕು ಎಂದು ಮೇಡಂ ಕೇಳಿಕೊಂಡರು. ಕಾರ್ಖಾನೆಯ ಮಾಲೀಕರೂ ಒಪ್ಪಿದರು. "ಆ ಕೆಲಸಕ್ಕೆ ಅವರೇ ಬೇಕು" ಎಂದು ಮೇಡಂ ಭಟ್ಟಿಯ ಕಡೆ ಕೈ ತೋರಿಸಿದರು.

ಸಂಜೆ ಮ್ಯಾನೇಜರು ಇವರನ್ನು ಕೋಣೆಗೆ ಕರೆಸಿ, ಕೀಯನ್ನು ಮೇಜಿನ ಮೇಲೆ ಸರಿಸಿ, "ಆಯ್ತು ಬಿಡು, ಹಳೇದೆಲ್ಲ ಯಾಕೆ. ನಾಳೆ ಗಾಡಿ ಹತ್ತು" ಎಂದರು. ಅಷ್ಟೇ. ಕೋಣೆಯಲ್ಲಿ ಇಬ್ಬರೇ. ಇವರು ಕೀ ತೆಗೆದುಕೊಂಡು ಹೊಂಡಕ್ಕೆ ಹೋಗಿ, ಗಾಡಿಯ ಅಡಿಗೆ ಹೊಸ ರಟ್ಟು ಹಾಸಿ ಮನೆಗೆ ಬಂದರು. ಇಷ್ಟು ದಿನ ಬೇರೊಬ್ಬ ಡ್ರೈವರ್ ರಟ್ಟಿನ ಗೊಡವೆಯಿಲ್ಲದೆ ಗಾಡಿ ಓಡಿಸುತ್ತಿದ್ದ. ನಾನು ಸಿಡುಕಿದೆ. "ಹೊಂಡದಲ್ಲಿ ಕೂಗಾಡಿದ್ದನ್ನ ಕೋಣೇಲಿ ಪಿಸುಗುಟ್ಟಿದ್ರೆ ಸರಿಹೋಯ್ತಾ? ನಾಳೆ ನಾನೂ ಬರ್ತೀನಿ." ಅತ್ತೆ ತಾವೂ ಬರುವುದಾಗಿ ಹೇಳಿದರು.

ಮದುವೆಯಾದಾಗಿನಿಂದ ಅವರ ಕೆಲಸದ ಜಾಗವನ್ನು ನಾನು ನೋಡಿರಲಿಲ್ಲ. ಬೆಳಿಗ್ಗೆ ಹೊಂಡದ ಅಂಚಿನ ತುಂಬ ಜನ. ಅಚ್ಚಿನವರು, ಭಟ್ಟಿಯವರು, ಮೇಡಂ, ಅವರ ಕಾಲೇಜಿನವರು. ಮ್ಯಾನೇಜರು ಗಡಿಯಾರ ನೋಡುತ್ತಿದ್ದರು. ಮೇಡಂ ಇವರಿಗೆ ಒಂದೇ ಮಾತು ಹೇಳಿದರು, "ಕಲ್ಲಿನ ಮೇಲೆ ಹೊಸ ಎಣ್ಣೆ ಒಂದು ಹನೀನೂ ಬೀಳ್ಬಾರ್ದು. ಬಿದ್ರೆ ಅದರೊಳಗಿನ ಹಳೇ ಎಣ್ಣೆ ಪರೀಕ್ಷೆ ಮಾಡೋಕೆ ಆಗಲ್ಲ." ಇವರು ತಲೆಯಾಡಿಸಿ, ಮೊಣಕಾಲೂರಿ, ಗಾಡಿಯ ಅಡಿಯಿಂದ ರಟ್ಟನ್ನು ಎಳೆದರು.

ರಟ್ಟಿನ ಮೇಲೆ ಅಂಗೈಯಗಲ ಕಪ್ಪು ಕಲೆ.

ಅಷ್ಟು ಜನರ ಮುಂದೆ, ಅದೇ ಜಾಗದಲ್ಲಿ. ಇವರು ರಟ್ಟನ್ನು ಮಡಚಿ ಬಚ್ಚಿಡಲಿಲ್ಲ. ಯಾವತ್ತಿನ ಹಾಗೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. "ಗಾಡಿ ಸೋರ್ತಿದೆ. ಸರಿಮಾಡದೆ ನಾನು ಹತ್ತಲ್ಲ" ಎಂದರು. ಯಾರೂ ನಗಲಿಲ್ಲ. ಮ್ಯಾನೇಜರು ಬಾಯಿ ತೆರೆದು, ಮೇಡಂ ಮುಖ ನೋಡಿ, ಮಾತು ನುಂಗಿಕೊಂಡರು. ಅವತ್ತು ಮೂಗು ರಿಪೇರಿಯ ಮಾತಾಡಿದ್ದ ಮೆಕ್ಯಾನಿಕ್ಕೇ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕೂತ. ಬಕೆಟ್ಟಿನ ತೋಳಿನ ಮಡಿಕೆಯಲ್ಲಿ ಪೈಪಿನ ಕೊಂಡಿ ಸಡಿಲವಾಗಿತ್ತು. ಬಿಗಿ ಮಾಡಿ, ಒರೆಸಿ, ಬಿಳಿ ಬಟ್ಟೆ ಸುತ್ತಿ, ಇಂಜಿನ್ ಓಡಿಸಿ, ಬಟ್ಟೆ ಬಿಚ್ಚಿ ನೋಡಿದರು. ಒಣಗಿತ್ತು. ಇಡೀ ಕಾರ್ಖಾನೆ ಅಷ್ಟು ಹೊತ್ತೂ ಕಾದು ನಿಂತಿತ್ತು.

ಆಮೇಲಿನ ಕೆಲಸವನ್ನು ಹೇಗೆ ಹೇಳಲಿ? ಕಲ್ಲಿಗೆ ಗೀರು ಬೀಳದಂತೆ ಬಕೆಟ್ಟಿನ ಹಲ್ಲುಗಳ ಮೇಲೆ ಉದ್ದಕ್ಕೂ ಕಬ್ಬಿಣದ ಪಟ್ಟಿ ಕೂರಿಸಿ, ಅದಕ್ಕೆ ಹಳೆಯ ರಬ್ಬರ್ ಬೆಲ್ಟಿನ ತುಂಡು ಬಿಗಿದಿದ್ದರು. ಅಷ್ಟು ದೊಡ್ಡ ತೋಳು ಬಂಡೆಯ ಹತ್ತಿರ ಬಂದಾಗ ಉಸಿರು ಹಿಡಿದ ಹಾಗೆ ನಿಧಾನವಾಗುತ್ತಿತ್ತು. ಹೊಲಿಗೆ ಬಿಚ್ಚುವಾಗ ನಾನು ಬಟ್ಟೆಗೆ ತಾಗದಂತೆ ದಾರವನ್ನಷ್ಟೇ ಎತ್ತುತ್ತೇನಲ್ಲ, ಹಾಗೆ ಜೇಡಿಯನ್ನಷ್ಟೇ ಎತ್ತಿ ಪಕ್ಕಕ್ಕೆ ಇಡುತ್ತಿದ್ದರು. ನಡುನಡುವೆ ಇಳಿದು, ಕೈಯಿಂದ ಮುಟ್ಟಿ ನೋಡಿ, ಮತ್ತೆ ಹತ್ತುತ್ತಿದ್ದರು. ಸಂಜೆಯ ಹೊತ್ತಿಗೆ ಬಂಡೆ ಒಂಟಿಯಾಗಿ ನಿಂತಿತ್ತು, ಆಳೆತ್ತರ. ಮೇಡಂ ಕಡೆಯವರು ನೀರು ಹಾಕಿ ಕುಂಚದಿಂದ ತೊಳೆದರು. ಚಿಪ್ಪುಗಳು ಒಂದರ ಪಕ್ಕ ಒಂದು, ಬದುಕಿದ್ದಾಗ ಹೇಗೆ ಕೂತಿದ್ದವೋ ಹಾಗೇ. ಕೊಳವೆಗಳು ಕಂತೆ ಕಂತೆ. ಮೊದಲ ದಿನ ಸೀಳಿದ ಮೂಲೆ ಬಿಟ್ಟರೆ ಎಲ್ಲೂ ಬಕೆಟ್ಟಿನ ಒಂದು ಗೀರಿಲ್ಲ. "ಒಂದೂ ಮುರಿದಿಲ್ಲ" ಎಂದು ಮೇಡಂ ಸುತ್ತು ಹಾಕಿದಷ್ಟು ಸಲ ಹೇಳಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಮಗ" ಎಂದು ಪಕ್ಕದವರಿಗೆ ಹೇಳುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ. ಇವರು ಗಾಡಿ ನಿಲ್ಲಿಸಿ, ಅಡಿಗೆ ರಟ್ಟು ಹಾಸಿ, ಕೈ ತೊಳೆಯಲು ಹೋದರು.

ಮರುದಿನ ಬೆಳಿಗ್ಗೆ ಬಂಡೆ ನೋಡಲು ಎಲ್ಲರೂ ಮತ್ತೆ ಸೇರಿದ್ದರು. ನಾನೂ ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ಇವರು ಗಾಡಿಯ ಕಡೆ ನಡೆಯುತ್ತಿದ್ದಾಗ ಮ್ಯಾನೇಜರು ಅವರನ್ನು ದಾಟಿ ಮುಂದೆ ಹೋದರು. ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲುಗಳನ್ನು ಕೆಸರಿಗೆ ಊರಿ, ಗಾಡಿಯ ಅಡಿಗೆ ಕೈಹಾಕಿ ರಟ್ಟನ್ನು ಹೊರಗೆಳೆದರು. ಒಂದು ಮಗ್ಗುಲು ನೋಡಿದರು, ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದರು. ಎದ್ದು ನಿಂತು, ಎರಡು ಕೈಯಲ್ಲಿ ಹಿಡಿದು ಅಚ್ಚಿನವರ ಕಡೆ, ಭಟ್ಟಿಯವರ ಕಡೆ ತೋರಿಸಿದರು.

"ಎಲ್ರೂ ನೋಡ್ಕೊಳ್ಳಿ. ಒಂದು ಹನಿ ಇಲ್ಲ" ಎಂದರು. ಆಮೇಲೆ ದನಿ ಸ್ವಲ್ಪ ಇಳಿಯಿತು, ಆದರೆ ಹೊಂಡದ ಆಚೆ ನಿಂತವರಿಗೂ ಕೇಳಿಸುವಷ್ಟಿತ್ತು. "ಇವನ ಗಾಡಿಯಿಂದ ಡೀಸೆಲ್ ಯಾವತ್ತೂ ಹೋಗಿಲ್ಲ. ಅವತ್ತು ಇದೇ ಜಾಗದಲ್ಲಿ ನಾನು ಅಂದಿದ್ದು ತಪ್ಪು."

ಇವರು ನನ್ನ ಕಡೆ ಒಮ್ಮೆ ನೋಡಿದರು. ಕಣ್ಣು ತುಂಬಿತ್ತು, ಎದೆ ಮಾತ್ರ ಯಾವತ್ತಿಗಿಂತ ಒಂದು ಗೇಣು ಮುಂದೆ ಬಂದಿತ್ತು. ಅವರು ಏನು ಹೇಳುತ್ತಾರೋ ಎಂದು ನಾನು ಕಾದೆ. ಮ್ಯಾನೇಜರ ಹತ್ತಿರ ಹೋಗಿ ಕೈ ಚಾಚಿದರು.

"ರಟ್ಟು ಕೊಡಿ ಸಾರ್, ಸಂಜೆಗೆ ಬೇಕು" ಎಂದರು.